ಬರಡು ನೊಣ ಬಿಟ್ಟರೆ ಪೇರಲ ಉಳಿಯುತ್ತಾ?

ಹಿಂದಿನ ಸಂಚಿಕೆಯಲ್ಲಿ ಹಣ್ಣು ನೊಣದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಗಂಡು ನೊಣಗಳಿಗೆ ಗಾಮಾ ಕಿರಣ ಕೊಟ್ಟು, ಅವು ಕೂಡಿದ ಕಾಡು ಹೆಣ್ಣು ನೊಣಗಳಿಗೆ ಮರಿ ಆಗದ ಹಾಗೆ ಮಾಡಿ ಬಿಡುವ ಪದ್ಧತಿಯೂ ಇದೆ ಎಂದು ಕೊನೆಯಲ್ಲಿ ಒಂದು ಮಾತು ಸೇರಿಸಿದ್ದೆ. ಈ ಸಲ ಬಂದ ಪತ್ರಗಳೆಲ್ಲ ಆ ಒಂದು ಮಾತನ್ನೇ ಹಿಡಿದುಕೊಂಡಿವೆ. ನನಗೆ ಬಹಳ ಸಂತೋಷ. ಮುಂಬೈನ ಟ್ರಾಂಬೆಯ ಕೀಟ ಪ್ರಯೋಗಾಲಯದಲ್ಲಿ ನಾನು ಈ ಕೆಲಸದ ನಡುವೆಯೇ ಇದ್ದವಳು. ನಿವೃತ್ತಿಯಾದರೂ ಇದರ ಮೇಲಿನ ಪ್ರೀತಿ ಹಾಗೇ ಇದೆ. ಈ ತಿಂಗಳ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಮೇಡಂ, ನಮ್ಮ ಮೂಲ ವಿಜಯಪುರ ಜಿಲ್ಲೆ. ಪುಣೆಯಲ್ಲಿ ನೌಕರಿ ಮುಗಿಸಿ ಸಾಸ್ವಡ್ ಹತ್ತಿರ ಎರಡು ಎಕರೆ ಪೇರಲ ಹಾಕಿದ್ದೇನೆ. ಮಳೆಗಾಲದ ಹಣ್ಣು ಮೇಲಿಂದ ಚೆಂದ, ಒಡೆದರೆ ಒಳಗೆ ಬಿಳಿ ಹುಳು. ಔಷಧಿ ಹೊಡೆದು ಸಾಕಾಗಿದೆ. ಆ ಬರಡು ಗಂಡು ನೊಣ ನನ್ನ ತೋಟಕ್ಕೆ ಸಿಗುತ್ತಾ? ಟ್ರಾಂಬೆಯಲ್ಲಿ ಕೇಳಬೇಕಾ?
– ಓದುಗರು, ಪುಣೆ

ಉತ್ತರ: ಸಿಗುವುದಿಲ್ಲ. ಅಂಗಡಿಯಿಂದ ಔಷಧಿ ತಂದ ಹಾಗೆ ತರುವ ಸಾಮಾನು ಇದಲ್ಲ. ಯಾರಾದರೂ ಒಂದು ಡಬ್ಬಿ ತಂದು ಕೊಟ್ಟರೂ ನಿಮ್ಮ ಎರಡು ಎಕರೆಯಲ್ಲಿ ಅದರಿಂದ ಏನೂ ಆಗುವುದಿಲ್ಲ. ಯಾಕೆ ಎಂದು ತಿಳಿದರೆ, ನೀವು ಈಗಲೇ ಏನು ಮಾಡಬಹುದು ಅನ್ನುವುದೂ ತಿಳಿಯುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೊಣ ಹಣ್ಣಿನ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಮರಿಹುಳು ತಿರುಳು ತಿಂದು ಬೆಳೆಯುತ್ತದೆ. ಹಣ್ಣು ಉದುರುತ್ತದೆ. ಹುಳು ಹೊರಗೆ ಬಂದು ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಕೆಲವು ದಿನಗಳಲ್ಲಿ ಅದರಿಂದ ಹೊಸ ನೊಣ ಏಳುತ್ತದೆ. ಹಣ್ಣಿನೊಳಗಿನ ಹುಳುವಿಗೆ ನೀವು ಹೊಡೆದ ಔಷಧಿ ತಾಗುವುದೇ ಇಲ್ಲ. ನಿಮಗೆ ಸಾಕಾಗಿದ್ದು ಇದಕ್ಕೇ ಅಲ್ವಾ.

ಪ್ರಯೋಗಾಲಯದಲ್ಲಿ ಈ ನೊಣವನ್ನು ಬೇಕೆಂದೇ ಸಾಕುತ್ತೇವೆ. ನನ್ನ ಪಾಲಿಗೆ ಬಂದಿದ್ದು ಹುಳು ಸಾಕುವ ಕೋಣೆ. ಗೋಧಿ ತೌಡು, ಸಕ್ಕರೆ, ಈಸ್ಟ್ ಕಲಸಿ ತಟ್ಟೆಗಳಲ್ಲಿ ಹರಡುತ್ತಿದ್ದೆವು. ಆ ಹುಳಿ ವಾಸನೆ ಸೀರೆಗೆ ಅಂಟಿಕೊಂಡು ಮನೆಯ ತನಕ ಬರುತ್ತಿತ್ತು. ಬಲಿತ ಹುಳು ತಾನಾಗಿಯೇ ಮೈ ಬಾಗಿಸಿ ತಟ್ಟೆಯಿಂದ ಹೊರಗೆ ಚಿಮ್ಮುತ್ತದೆ. ಕೆಳಗೆ ಮರದ ಹೊಟ್ಟು ಹಾಕಿ ಇಟ್ಟಿರುತ್ತೇವೆ, ಅದರೊಳಗೆ ಕೋಶ ಕಟ್ಟುತ್ತದೆ. ನೊಣ ಹೊರಬರಲು ಒಂದೆರಡು ದಿನ ಇದ್ದಾಗ ಆ ಕೋಶಗಳಿಗೆ ಕಿರಣ ಕೊಡಬೇಕು. ಆ ದಿನ ಬಂತೋ ಇಲ್ಲವೋ ಎಂದು ಗೊತ್ತಾಗುವುದು ಕಣ್ಣಿನ ಬಣ್ಣದಿಂದ. ಒಂದು ಕೋಶದ ಸಿಪ್ಪೆ ಬಿಡಿಸಿ ಒಳಗಿನ ನೊಣದ ಕಣ್ಣು ನೋಡುತ್ತೇವೆ. ಬೇಗ ಕೊಟ್ಟರೆ ನೊಣವೇ ಸರಿಯಾಗಿ ರೂಪುಗೊಳ್ಳುವುದಿಲ್ಲ. ತಡವಾದರೆ ನಮ್ಮ ಕೈಗೆ ಸಿಗುವ ಮೊದಲೇ ಹೊರಬರುತ್ತದೆ.

ಕಿರಣ ಬರುವುದು ಕೋಬಾಲ್ಟ್-60 ಎಂಬ ವಿಕಿರಣ ಸೂಸುವ ಲೋಹದಿಂದ. ಮೈಗೆ ಬಿದ್ದ ಕಿರಣವನ್ನು ಅಳೆಯುವುದು 'ಗ್ರೇ' ಎಂಬ ಮಾನದಲ್ಲಿ. ಹಣ್ಣು ನೊಣಗಳಿಗೆ ಸುಮಾರು 100ರಿಂದ 150 ಗ್ರೇ ಸಾಕು. ಮನುಷ್ಯನ ಇಡೀ ಮೈಗೆ ನಾಲ್ಕೈದು ಗ್ರೇ ಒಮ್ಮೆಗೇ ಬಿದ್ದರೆ ಜೀವಕ್ಕೇ ಅಪಾಯ. ಅಂಥದ್ದರಲ್ಲಿ ಈ ಸಣ್ಣ ಜೀವ ಅಷ್ಟನ್ನು ತಡೆದುಕೊಂಡು ಹಾರುತ್ತದೆ. ಹೊರಬರುವ ಹೊತ್ತಿಗೆ ಅದರ ಮೈಯ ಹೆಚ್ಚಿನ ಜೀವಕೋಶಗಳು ಬೆಳೆದು ನಿಂತಿರುತ್ತವೆ, ಮತ್ತೆ ಒಡೆದು ಎರಡಾಗುವ ಕೆಲಸ ಅವಕ್ಕೆ ಇರುವುದಿಲ್ಲ. ಕಿರಣದ ಪೆಟ್ಟು ಜಾಸ್ತಿ ಬೀಳುವುದು ವೀರ್ಯಾಣುವಿನೊಳಗೆ ವಂಶಗುಣ ಹೊತ್ತಿರುವ ವರ್ಣತಂತುಗಳಿಗೆ. ಆ ವೀರ್ಯಾಣು ಸಾಯುವುದಿಲ್ಲ, ಈಜುತ್ತದೆ, ಮೊಟ್ಟೆಯನ್ನೂ ಸೇರುತ್ತದೆ. ಆದರೆ ಒಳಗೆ ಭ್ರೂಣ ಬೆಳೆಯಲಾರದೆ ಸಾಯುತ್ತದೆ, ಮೊಟ್ಟೆ ಒಡೆಯುವುದೇ ಇಲ್ಲ. ಕಿರಣ ಜೀವಿಯ ವಂಶಗುಣವನ್ನು ಕೆಡಿಸುತ್ತದೆ ಎಂದು 1927ರಲ್ಲಿ ಹರ್ಮನ್ ಮುಲ್ಲರ್ ಎಕ್ಸ್‌ರೇಯಿಂದ ತೋರಿಸಿಕೊಟ್ಟರು. ಅವರು ಪ್ರಯೋಗಕ್ಕೆ ಬಳಸಿದ್ದೂ ಒಂದು ಪುಟ್ಟ ನೊಣವನ್ನೇ.

ಈಗ ಲೆಕ್ಕಕ್ಕೆ ಬರೋಣ. ಇಡೀ ವಿದ್ಯೆಯ ತಿರುಳು ಈ ಲೆಕ್ಕದಲ್ಲಿದೆ. ಅಮೆರಿಕದ ಎಡ್ವರ್ಡ್ ನಿಪ್ಲಿಂಗ್ ಎಂಬ ಕೀಟ ವಿಜ್ಞಾನಿ ಇದನ್ನು ಮೊದಲು ಕೂತು ಹಾಕಿದವರು. ಅಂಕಿಗಳು ನನ್ನವು, ಪೆನ್ಸಿಲ್ ಹಿಡಿದು ನೀವೂ ಮಾಡಿ ನೋಡಿ.

ಒಂದು ಕಡೆ 100 ಕಾಡು ಗಂಡು, 100 ಕಾಡು ಹೆಣ್ಣು ಇವೆ ಎನ್ನಿ. ಒಂದು ತಲೆಮಾರಿನಲ್ಲಿ ಅವು ಐದು ಪಟ್ಟು ಆಗುತ್ತವೆ ಎಂದು ಇಟ್ಟುಕೊಳ್ಳೋಣ. ನಾವು 900 ಬರಡು ಗಂಡು ಬಿಟ್ಟೆವು. ಈಗ ಹತ್ತು ಗಂಡುಗಳಲ್ಲಿ ಒಂದು ಮಾತ್ರ ನಿಜವಾದ ಗಂಡು. ಹಾಗಾಗಿ ಹತ್ತು ಹೆಣ್ಣುಗಳಿಗೆ ಮಾತ್ರ ಮರಿ ಆಗುತ್ತವೆ. ಐದು ಪಟ್ಟು ಅಂದರೆ ಮುಂದಿನ ತಲೆಮಾರಿಗೆ 50 ಹೆಣ್ಣು, 50 ಗಂಡು. ಮತ್ತೆ ಅಷ್ಟೇ 900 ಬಿಡಿ. ಈ ಸಲ 19ರಲ್ಲಿ ಒಂದು ಮಾತ್ರ ನಿಜವಾದ ಗಂಡು. ಮುಂದಿನ ತಲೆಮಾರು 13 ಜೋಡಿಗೆ ಇಳಿಯುತ್ತದೆ. ಮತ್ತೊಮ್ಮೆ 900 ಬಿಟ್ಟರೆ ಉಳಿಯುವುದು ಒಂದೇ ಒಂದು ಜೋಡಿ, ಅದೂ ಪೂರ್ತಿ ಇಲ್ಲ. ಔಷಧಿಯಲ್ಲಿ ಇದು ತಿರುಗುಮುರುಗು. ನೊಣ ಕಡಿಮೆಯಾದಷ್ಟೂ ಔಷಧಿ ಹೊಡೆದದ್ದು ದಂಡ ಅನಿಸುತ್ತದೆ. ಬರಡು ಗಂಡು ಮಾತ್ರ ನೊಣ ಕಡಿಮೆಯಾದಷ್ಟೂ ಬಲ ಪಡೆಯುತ್ತದೆ.

ಅದೇ 900 ಅನ್ನು 1,000 ಕಾಡು ಗಂಡು, 1,000 ಕಾಡು ಹೆಣ್ಣುಗಳಿರುವ ಕಡೆ ಬಿಟ್ಟು ನೋಡಿ. ಅರ್ಧಕ್ಕಿಂತ ಜಾಸ್ತಿ ಹೆಣ್ಣುಗಳಿಗೆ ನಿಜವಾದ ಗಂಡೇ ಸಿಗುತ್ತದೆ. ಮುಂದಿನ ತಲೆಮಾರು 2,600 ಜೋಡಿ ದಾಟುತ್ತದೆ. ಅಷ್ಟು ಕೆಲಸ, ಅಷ್ಟು ಖರ್ಚು, ನೊಣ ಮಾತ್ರ ಏರುತ್ತಲೇ ಹೋಯಿತು. ನೊಣವನ್ನು ಬೇರೆ ದಾರಿಯಿಂದ ಮೊದಲು ಇಳಿಸಿಕೊಳ್ಳದೆ ಬರಡು ನೊಣ ಬಿಡಬಾರದು ಅನ್ನುವುದು ಇದಕ್ಕೇ.

ನಿಮ್ಮ ಎರಡು ಎಕರೆಯ ತೊಂದರೆ ಇದಕ್ಕಿಂತ ದೊಡ್ಡದು. ಪಕ್ಕದ ತೋಟದಲ್ಲಿ ಕೂಡಿ ಮುಗಿಸಿದ ಹೆಣ್ಣು ಬೇಲಿ ದಾಟಿ ನಿಮ್ಮ ಪೇರಲಕ್ಕೆ ಬಂದು ಮೊಟ್ಟೆ ಇಟ್ಟರೆ ನಿಮ್ಮ ಬರಡು ಗಂಡು ಏನು ಮಾಡೀತು? ಅದಕ್ಕೇ ಈ ಪದ್ಧತಿ ನಡೆದಿರುವುದು ಇಡೀ ಕಣಿವೆಯಲ್ಲಿ, ಇಡೀ ದ್ವೀಪದಲ್ಲಿ. ಕೆನಡಾದ ಓಕನಾಗನ್ ಕಣಿವೆಯಲ್ಲಿ ಸೇಬು ಕೊರೆಯುವ ಪತಂಗದ ಮೇಲೆ 1992ರಲ್ಲಿ ಶುರುವಾದ ಯೋಜನೆಯಲ್ಲಿ ಇದು ದಶಕಗಳ ಕಾಲ ನಡೆಯಿತು. ಅಲ್ಲಿ ಖರ್ಚಿನ ಒಂದು ಪಾಲು ಸೇಬು ಬೆಳೆಗಾರರಿಂದ ಬರುತ್ತಿತ್ತು, ಇನ್ನೊಂದು ಪಾಲು ಊರಿನ ಆಸ್ತಿ ತೆರಿಗೆಯಿಂದ. ಸೇಬು ಬೆಳೆಯದವರೂ ಕೊಡುತ್ತಿದ್ದರು. ನನಗೆ ಆ ಪತಂಗಕ್ಕಿಂತ ಈ ತೆರಿಗೆಯೇ ದೊಡ್ಡ ವಿಷಯ ಅನಿಸುತ್ತದೆ. ಊರು ಒಟ್ಟಾಗದೆ ಈ ವಿದ್ಯೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ಇನ್ನೊಂದು ತೊಡಕೂ ಇದೆ. ಮಾವು, ಪೇರಲಕ್ಕೆ ಬೀಳುವ ಮುಖ್ಯ ನೊಣ ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್. ಅದರ ಜೊತೆಗೆ ಝೋನೇಟಾ, ಕರೆಕ್ಟಾ ಎಂಬ ಸೋದರ ಜಾತಿಗಳೂ ಪೇರಲಕ್ಕೆ ಬರುತ್ತವೆ. ಒಂದು ಜಾತಿಯ ಬರಡು ಗಂಡು ಇನ್ನೊಂದು ಜಾತಿಯನ್ನು ಇಳಿಸುವುದಿಲ್ಲ.

ಹಾಗಾದರೆ ನೀವು ಏನು ಮಾಡಬೇಕು? ಉದುರಿದ ಹಣ್ಣನ್ನು ದಿನಾ ಆರಿಸಿ. ಒಂದು ದಿನವೂ ಬಿಡಬೇಡಿ. ಆರಿಸಿದ್ದನ್ನು ಗೊಬ್ಬರದ ಗುಂಡಿಗೆ ಸುಮ್ನೆ ಎಸೆದರೆ ನೊಣಕ್ಕೆ ನೀವೇ ಊಟ ಹಾಕಿದ ಹಾಗೆ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಇಡಿ, ಇಲ್ಲವೇ ಆಳವಾಗಿ ಹೂಳಿ. ಮರದ ಬುಡದ ಮಣ್ಣನ್ನು ಆಗಾಗ ಕೆದಕಿ, ಕೋಶಗಳು ಬಿಸಿಲಿಗೂ ಇರುವೆಗೂ ಹಕ್ಕಿಗೂ ಸಿಗಲಿ. ಮಿಥೈಲ್ ಯುಜಿನಾಲ್ ಹಾಕಿದ ಬಲೆ ಡಬ್ಬಿಗಳನ್ನು ಕಾಯಿ ಕಚ್ಚುವಾಗಲೇ ತೂಗುಹಾಕಿ, ಹಣ್ಣಾಗುವ ತನಕ ಕಾಯಬೇಡಿ. ಗಂಡು ನೊಣ ಆ ವಾಸನೆಗೆ ಹುಚ್ಚಾಗಿ ಬರುತ್ತದೆ. ತುಳಸಿಯಲ್ಲೂ ಇದೇ ವಸ್ತು ಇದೆ. ಕಾಯಿಗೆ ಕಾಗದದ ಚೀಲ ಕಟ್ಟಲು ಕೂಲಿಯವರು ಸಿಕ್ಕರೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಇದೆಲ್ಲವನ್ನೂ ಸುತ್ತಲಿನ ತೋಟದವರ ಜೊತೆ ಕೂತು ಒಟ್ಟಿಗೆ ಮಾಡಿ. ಸಾಸ್ವಡ್ ಕಡೆ 'ಫಳಮಾಶಿ' ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ.

ಪ್ರಶ್ನೆ: ಅಕ್ಕಾ, ನಾವು ಮಡಗಾಂವ್‌ನವರು, ಮೂಲ ಹಾವೇರಿ. ಸಾಂಗೆಯಲ್ಲಿ ತುಂಡು ಜಾಗ ಲಾವಣಿಗೆ ಹಿಡಿದು ಮಳೆಗಾಲದಲ್ಲಿ ಹಾಗಲ, ಹೀರೆ, ಸೌತೆ ಬೆಳೆಯುತ್ತೇವೆ. ಎಳೆ ಕಾಯಿಯಲ್ಲೇ ಹುಳು. ಜಗತ್ತಿನಲ್ಲಿ ಎಲ್ಲಾದರೂ ಈ ನೊಣವನ್ನು ಪೂರ್ತಿ ಓಡಿಸಿದ್ದಾರಾ, ಅಥವಾ ಬರೀ ಮಾತಾ?
– ಓದುಗರು, ಗೋವಾ

ಉತ್ತರ: ಓಡಿಸಿದ್ದಾರೆ ತಂಗಿ, ಅದೂ ಹಾಗಲಕಾಯಿ ಬೆಳೆಯುವವರ ನಾಡಿನಲ್ಲೇ. ಜಪಾನಿನ ದಕ್ಷಿಣದಲ್ಲಿ ಓಕಿನಾವಾ ದ್ವೀಪಗಳಿವೆ. ಹಾಗಲ ಅಲ್ಲಿನವರ ಮನೆ ಅಡುಗೆ. ಹಾಗಲ, ಸೌತೆಯಂಥ ಬಳ್ಳಿಗಳಿಗೆ ಬೀಳುವ ನಿಮ್ಮ ನೊಣವೇ ಅಲ್ಲೂ ಇತ್ತು. ಅದಿದ್ದಷ್ಟು ಕಾಲ ಓಕಿನಾವಾದ ಹಾಗಲವನ್ನು ಜಪಾನಿನ ಮುಖ್ಯ ಭೂಭಾಗಕ್ಕೆ ಹಾಗೇ ಸಾಗಿಸುವ ಹಾಗಿರಲಿಲ್ಲ. 1972ರಲ್ಲಿ ಕುಮೆ ಎಂಬ ಸಣ್ಣ ದ್ವೀಪದಿಂದ ಕೆಲಸ ಶುರು ಮಾಡಿದರು. ಮೊದಲು ವಾಸನೆಯ ಬಲೆ ಇಟ್ಟು ಗಂಡುಗಳನ್ನು ಇಳಿಸಿದರು. ಆಮೇಲೆ ಬರಡು ನೊಣ ಬಿಟ್ಟರು. ಒಂದು ದ್ವೀಪ ಮುಗಿದ ಮೇಲೆ ಇನ್ನೊಂದು. ಕೊನೆಯ ದ್ವೀಪವೂ ನೊಣದಿಂದ ಮುಕ್ತವಾಯಿತು ಎಂದು ಹೇಳುವ ಹೊತ್ತಿಗೆ 1993 ಬಂದಿತ್ತು. ಇಪ್ಪತ್ತು ವರ್ಷ ಒಂದೇ ಕೆಲಸಕ್ಕೆ ನಿಂತವರ ಬಗ್ಗೆ ನನಗೆ ಅಪಾರ ಗೌರವ. ಅದಕ್ಕೂ ಮೊದಲು, 1963ರಲ್ಲೇ, ಪೆಸಿಫಿಕ್‌ನ ರೋಟಾ ಎಂಬ ದ್ವೀಪದಲ್ಲಿ ಇದೇ ನೊಣವನ್ನು ಇದೇ ಪದ್ಧತಿಯಿಂದ ಮುಗಿಸಿದ್ದರು.

ಎರಡೂ ಕಡೆ ಸುತ್ತ ಸಮುದ್ರ, ಗಮನಿಸಿ. ಗೋವಾಕ್ಕೆ ಒಂದು ಕಡೆ ಮಾತ್ರ ಸಮುದ್ರ. ಮೊಲೆಂ ಘಟ್ಟದ ಆಚೆ ನಮ್ಮ ಜೋಯಿಡಾದ ಕಾಡು, ಅದರೊಳಗೆ ಕಾಡು ಸೌತೆ, ಕಾಡು ಹಾಗಲ. ಅಲ್ಲಿಂದ ನೊಣ ಬರುತ್ತಲೇ ಇರುತ್ತದೆ. ಇಲ್ಲಿ ಪೂರ್ತಿ ಓಡಿಸುವ ಮಾತು ಬೇಡ, ಕಡಿಮೆ ಮಾಡುವ ಮಾತಾಡೋಣ. ಈ ನೊಣಕ್ಕೆ ಬೇಕಾದ ಬಲೆಯ ವಾಸನೆ ಬೇರೆ, ಅದರ ಹೆಸರು ಕ್ಯೂ ಲ್ಯೂರ್. ಮಾವು, ಪೇರಲಕ್ಕೆ ಇಡುವ ಮಿಥೈಲ್ ಯುಜಿನಾಲ್ ಬಲೆಯನ್ನೇ ತಂದು ಹಾಗಲದ ಚಪ್ಪರಕ್ಕೆ ಕಟ್ಟಿದರೆ ಒಂದೂ ಬೀಳುವುದಿಲ್ಲ. ಕೊಳ್ಳುವಾಗ ಕೇಳಿ ತೆಗೆದುಕೊಳ್ಳಿ. ಚುಚ್ಚಿದ ಎಳೆಕಾಯಿ ಸೊಟ್ಟಗಾಗುತ್ತದೆ, ಅಂಥದ್ದು ಕಂಡ ಕೂಡಲೇ ಕಿತ್ತು ಚೀಲಕ್ಕೆ ಹಾಕಿ.

ಪ್ರಶ್ನೆ: ನಮಸ್ಕಾರ ಮೇಡಂ. ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಕೊಂಡ ನಮ್ಮ ಆಪೂಸ್ ಪೆಟ್ಟಿಗೆಯ ಮೇಲೆ ಹಸಿರು ಹೂವಿನಂಥ ಗುರುತು, ವಿಕಿರಣ ಕೊಟ್ಟಿದೆ ಎಂಬ ಬರಹ ಇತ್ತಂತೆ. ಮಕ್ಕಳಿಗೆ ಕೊಡಲು ಹೆದರುತ್ತಾಳೆ. ಹಣ್ಣಿನಲ್ಲಿ ಕಿರಣ ಉಳಿದಿರುತ್ತಾ? ಅಷ್ಟು ಮಾಡಿದರೂ ಗೊರಟೆಯಲ್ಲಿ ಜೀವಂತ ಹುಳ ಸಿಕ್ಕಿದರೆ?
– ಓದುಗರು, ಡೊಂಬಿವಿಲಿ

ಉತ್ತರ: ಧೈರ್ಯವಾಗಿ ಕೊಡಲು ಹೇಳಿ. ಕೋಬಾಲ್ಟ್‌ನ ಗಾಮಾ ಕಿರಣ ಹಣ್ಣಿನ ಮೂಲಕ ಹಾದುಹೋಗುತ್ತದೆ, ಒಳಗೆ ನಿಲ್ಲುವುದಿಲ್ಲ. ಹಣ್ಣನ್ನೇ ವಿಕಿರಣ ಸೂಸುವ ವಸ್ತುವಾಗಿ ಮಾಡುವಷ್ಟು ಶಕ್ತಿ ಅದಕ್ಕಿಲ್ಲ. ಕೋಬಾಲ್ಟ್ ಇರುವುದು ಮುಚ್ಚಿದ ಉಕ್ಕಿನ ಕೊಳವೆಯೊಳಗೆ, ಅದು ಹಣ್ಣನ್ನು ಮುಟ್ಟುವುದೇ ಇಲ್ಲ. ಕಿರಣ ಕೊಟ್ಟ ನೊಣಕ್ಕೂ ಇದೇ ಮಾತು. ಬಿಟ್ಟ ನೊಣ ಮನೆಯೊಳಗೆ ಬಂದರೆ ಅಪಾಯವಾ ಎಂದು ಥಾಣೆಯ ಒಬ್ಬ ಅಜ್ಜಿ ಕೇಳಿದ್ದಾರೆ. ಇಲ್ಲ ಅಜ್ಜೀ, ಅದು ಸಾಧಾರಣ ನೊಣವೇ, ಮರಿ ಮಾತ್ರ ಆಗುವುದಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಕೇಳಿದರೆ ಆಶ್ಚರ್ಯವಾಗಬಹುದು. ಜೀವಂತ ಹುಳ ಸಿಕ್ಕಬಹುದು, ಅದು ತಪ್ಪಲ್ಲ. ಅಮೆರಿಕಕ್ಕೆ ಹೋಗುವ ನಮ್ಮ ಮಾವಿಗೆ ಕನಿಷ್ಠ 400 ಗ್ರೇ ಕೊಡಬೇಕೆಂಬ ನಿಯಮವಿದೆ. ಅವರ ಚಿಂತೆ ಎರಡು: ಹಣ್ಣು ನೊಣ, ಮತ್ತು ವಾಟೆಯೊಳಗೆ ಕೂರುವ ಮೂತಿಹುಳು. ವಾಟೆಯೊಳಗಿನದನ್ನು ಹೊರಗಿನಿಂದ ನೋಡಿ ಹಿಡಿಯಲು ಆಗುವುದಿಲ್ಲ, ಔಷಧಿಯೂ ಅಲ್ಲಿಗೆ ಹೋಗುವುದಿಲ್ಲ. ಕಿರಣ ಹೋಗುತ್ತದೆ. ಆ 400 ಗ್ರೇ ಹುಳುವನ್ನು ನಿಂತಲ್ಲೇ ಕೊಲ್ಲದೇ ಇರಬಹುದು. ಅದು ಕೆಲವು ದಿನ ಕಾಲಾಡಿಸುತ್ತಾ ಇರಬಹುದು. ಆದರೆ ಅದರ ವಂಶ ಮುಂದುವರಿಯುವುದಿಲ್ಲ. ನೊಣದ ಮರಿಹುಳು ಹಾರುವ ನೊಣವಾಗುವುದಿಲ್ಲ, ಮೂತಿಹುಳುವಿಗೆ ಮರಿ ಆಗುವುದಿಲ್ಲ. ಇನ್ನೊಂದು ದೇಶದ ತೋಟಗಳಿಗೆ ನಮ್ಮ ಹುಳು ಹಬ್ಬಬಾರದು, ಅಷ್ಟೇ ಬೇಕಾಗಿರುವುದು. ಕೊಲ್ಲಲೇಬೇಕೆಂದು ಕಿರಣ ಹೆಚ್ಚಿಸುತ್ತಾ ಹೋದರೆ ಹಣ್ಣು ಕೆಡುತ್ತದೆ.

ಈ ದಾರಿ ತೆರೆದದ್ದು ನಮ್ಮ ಮಹಾರಾಷ್ಟ್ರದಲ್ಲೇ. ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್‌ನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ 'ಕೃಷಕ್' ಘಟಕ 2002ರಲ್ಲಿ ಶುರುವಾಯಿತು. ಮೂಲ ಉದ್ದೇಶ ಈರುಳ್ಳಿ ಮೊಳಕೆ ಒಡೆಯದ ಹಾಗೆ ನೋಡಿಕೊಳ್ಳುವುದು. ಮಾವಿನ ಕೀಟಗಳ ಭಯದಿಂದ ಬಹಳ ವರ್ಷ ಮುಚ್ಚಿದ್ದ ಅಮೆರಿಕದ ಬಾಗಿಲು 2007ರ ಏಪ್ರಿಲ್‌ನಲ್ಲಿ ತೆರೆದಾಗ, ಅಲ್ಲಿಗೆ ಹೋದ ಮಾವು ಕಿರಣ ಪಡೆದದ್ದು ಇದೇ ಈರುಳ್ಳಿ ಊರಿನಲ್ಲಿ. ಈಗ ವಾಶಿಯಲ್ಲೂ ರಾಜ್ಯ ಕೃಷಿ ಮಾರಾಟ ಮಂಡಳಿಯ ಘಟಕವಿದೆ. ಯುರೋಪಿನ ಕಥೆ ಬೇರೆ. 2014ರಲ್ಲಿ ನಮ್ಮ ಮಾವಿನಲ್ಲಿ ಹಣ್ಣು ನೊಣ ಸಿಕ್ಕಿತೆಂದು ಅವರು ಆಮದು ನಿಲ್ಲಿಸಿದರು. 2015ರಲ್ಲಿ ಮತ್ತೆ ಬಿಟ್ಟರು. ಅಲ್ಲಿಗೆ ಹೋಗುವ ಹಣ್ಣಿಗೆ ಬಿಸಿ ನೀರಿನ ಸ್ನಾನ.

ಪ್ರಶ್ನೆ: ಮೇಡಂ, ನಾನು ಬಿಎಸ್‌ಸಿ ಓದುತ್ತಿದ್ದೇನೆ. ಪತಂಗಗಳಿಗೆ ನೊಣಕ್ಕಿಂತ ಹೆಚ್ಚು ಕಿರಣ ಬೇಕು ಎಂದು ಓದಿದೆ. ಯಾಕೆ? ಹೆಣ್ಣುಗಳನ್ನೂ ಬಿಡುತ್ತಾರಾ?
– ಓದುಗರು, ಮುಲುಂಡ್

ಉತ್ತರ: ಒಳ್ಳೆಯ ಪ್ರಶ್ನೆ ಮಗೂ. ಜೀವಕೋಶ ಒಡೆದು ಎರಡಾಗುವಾಗ ವರ್ಣತಂತುವನ್ನು ಹಿಡಿದು ಎಳೆಯಲು ಒಂದು ಹಿಡಿ ಬೇಕು, ನೊಣದಲ್ಲಿ ಅದು ಒಂದೇ ಕಡೆ ಇರುತ್ತದೆ. ಕಿರಣದಿಂದ ತುಂಡಾದರೆ ಹಿಡಿ ಇಲ್ಲದ ತುಂಡು ಕಳೆದುಹೋಗುತ್ತದೆ, ಭ್ರೂಣ ಸಾಯುತ್ತದೆ. ಪತಂಗದಲ್ಲಿ ಆ ಹಿಡಿ ಉದ್ದಕ್ಕೂ ಹರಡಿರುತ್ತದೆ. ತುಂಡಾದರೂ ತುಂಡುಗಳು ಉಳಿದುಕೊಳ್ಳುತ್ತವೆ. ಪೂರ್ತಿ ಬರಡು ಮಾಡಲು ಹೋದರೆ ಅಷ್ಟು ಕಿರಣಕ್ಕೆ ಪತಂಗವೇ ಸೊರಗುತ್ತದೆ, ಕಾಡು ಗಂಡಿನ ಎದುರು ನಿಲ್ಲಲಾರದು. ಹಾಗಾಗಿ ಕಡಿಮೆ ಕಿರಣ ಕೊಟ್ಟು ಅರೆ ಬರಡು ಮಾಡಿ ಬಿಡುತ್ತಾರೆ. ಹುಟ್ಟುವ ಮರಿಗಳು ಕಡಿಮೆ, ಅದರಲ್ಲಿ ಗಂಡೇ ಜಾಸ್ತಿ, ಅವು ಅಪ್ಪನಿಗಿಂತ ಹೆಚ್ಚು ಬರಡು. ನನಗೆ ಈ ವಿದ್ಯೆಯಲ್ಲಿ ಇಂದಿಗೂ ಅತಿ ಸೊಗಸಾಗಿ ಕಾಣುವ ಭಾಗ ಇದೇ.

ಹೆಣ್ಣಿನ ವಿಷಯ. ಬರಡು ಹೆಣ್ಣು ನೊಣವೂ ಹಣ್ಣು ಚುಚ್ಚುತ್ತದೆ, ಚುಚ್ಚಿದ ಕಡೆ ಕೊಳೆಯುತ್ತದೆ. ಬಿಟ್ಟ ಗಂಡುಗಳು ಜೊತೆಗೆ ಬಿಟ್ಟ ಹೆಣ್ಣುಗಳ ಹಿಂದೆಯೇ ಸುತ್ತಿ ಕಾಲ ಕಳೆಯುವುದೂ ಉಂಟು. ಮೆಡಿಟರೇನಿಯನ್ ಹಣ್ಣು ನೊಣ ಎಂಬುದರಲ್ಲಿ ಇದಕ್ಕೆ ಒಂದು ತಳಿ ಮಾಡಿಕೊಂಡಿದ್ದಾರೆ. ಮೊಟ್ಟೆಗಳನ್ನು ಬೆಚ್ಚಗೆ ಇಟ್ಟರೆ ಹೆಣ್ಣು ಮೊಟ್ಟೆಗಳಷ್ಟೇ ಸಾಯುತ್ತವೆ. ಗ್ವಾಟೆಮಾಲಾದ ಎಲ್ ಪಿನೋ ಎಂಬಲ್ಲಿರುವ ದೊಡ್ಡ ಕಾರ್ಖಾನೆ ಈ ತಳಿಯ ಗಂಡುಗಳನ್ನೇ ತಯಾರಿಸುತ್ತದೆ.

ಪ್ರಶ್ನೆ: ಬಲೆ ಇಟ್ಟು ಗಂಡು ಹಿಡಿಯುವುದು, ಇನ್ನೊಂದು ಕಡೆ ಗಂಡೇ ಬಿಡುವುದು. ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಬಿಟ್ಟ ನೊಣ ಯಾವುದು, ಕಾಡಿನದು ಯಾವುದು ಎಂದು ಹೇಗೆ ಗುರುತಿಸುತ್ತಾರೆ?
– ಓದುಗರು, ಫೋಂಡಾ, ಗೋವಾ

ಉತ್ತರ: ಹೆಚ್ಚಾಗಿ ಮೊದಲು ಬಲೆ, ಆಮೇಲೆ ಬರಡು ನೊಣ, ಹೀಗೆ ಸರದಿಯಲ್ಲಿ ಮಾಡುತ್ತಾರೆ. ಆದರೆ ಮಾವಿನ ನೊಣದಲ್ಲಿ ಇನ್ನೊಂದು ಜಾಣತನ ಸಾಧ್ಯ. ಬಿಡುವ ಮೊದಲೇ ಗಂಡುಗಳಿಗೆ ಮಿಥೈಲ್ ಯುಜಿನಾಲ್ ತಿನ್ನಿಸಿದರೆ, ಆಮೇಲೆ ಬಲೆಯ ಕಡೆ ಅವುಗಳ ಸೆಳೆತ ಕಡಿಮೆಯಾಗುತ್ತದೆ. ಜೊತೆಗೆ ಹೆಣ್ಣು ಅಂಥ ಗಂಡನ್ನು ಹೆಚ್ಚು ಮೆಚ್ಚುತ್ತದೆ.

ಗುರುತಿಗೆ, ಕೋಶಗಳ ಮೇಲೆ ಹೊಳೆಯುವ ಬಣ್ಣದ ಪುಡಿ ಉದುರಿಸುತ್ತಾರೆ. ನೊಣ ಕೋಶ ಒಡೆಯುವಾಗ ಹಣೆಯಿಂದ ಒಂದು ಚೀಲ ಉಬ್ಬಿಸಿ ತಳ್ಳುತ್ತದೆ, ಆಮೇಲೆ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಪುಡಿಯೂ ಅದರ ಜೊತೆ ತಲೆಯೊಳಗೆ ಹೋಗಿ ಕೂರುತ್ತದೆ. ಬಲೆಗೆ ಬಿದ್ದ ನೊಣವನ್ನು ನೇರಳಾತೀತ ದೀಪದ ಕೆಳಗೆ ಇಟ್ಟರೆ ಬಿಟ್ಟದ್ದು ಹೊಳೆಯುತ್ತದೆ, ಕಾಡಿನದು ಹೊಳೆಯುವುದಿಲ್ಲ. ಅನುಮಾನ ಬಂದರೆ ತಲೆ ಜಜ್ಜಿ ನೋಡುತ್ತಾರೆ. ಪ್ರತಿ ಬಲೆಯಲ್ಲಿ ಒಂದು ಕಾಡು ನೊಣಕ್ಕೆ ಬಿಟ್ಟ ನೊಣ ಎಷ್ಟು ಎಂಬ ಲೆಕ್ಕ ಬರೆದುಕೊಂಡು, ಮುಂದಿನ ವಾರ ಯಾವ ಕಡೆ ಎಷ್ಟು ಬಿಡಬೇಕು ಎಂದು ಅದರಿಂದಲೇ ತೀರ್ಮಾನಿಸುತ್ತಾರೆ.